ಪುಡಿಯ ಪೊಟ್ಟಣ ಬಿಚ್ಚುವ ಮೊದಲು

ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯಲ್ಲಿ ಕೋಳಿ ಸಾಕುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಶರಣು.

ನಾನು ನಿಮ್ಮ ಕಡೆಯ ದನದ ದವಾಖಾನೆಗಳಲ್ಲೇ ಸರ್ವಿಸ್ ಮುಗಿಸಿದ ಪಶುವೈದ್ಯ. ಎಮ್ಮೆ ಈಯಲಾರದೆ ಒದ್ದಾಡಿದಾಗಲೋ, ಕುರಿಗೆ ಲಸಿಕೆ ಹಾಕಿಸುವಾಗಲೋ ನಿಮ್ಮಲ್ಲಿ ಅನೇಕರು ನನ್ನನ್ನು ನೋಡಿರಬೇಕು. ಕೋಳಿಗೆಂದು ದವಾಖಾನೆಯ ಮೆಟ್ಟಿಲು ಹತ್ತಿದವರು ಬಹಳ ಕಡಿಮೆ. ಕೋಳಿ ಸತ್ತರೆ ಹೊಲದ ಬದುವಿಗೋ ಕಾಲುವೆಗೋ ಎಸೆದು, ಉಳಿದವಕ್ಕೆ ಪೇಟೆಯಿಂದ ಒಂದು ಪುಡಿ ತಂದು ನೀರಿಗೆ ಹಾಕುವುದೇ ನಮ್ಮ ವಾಡಿಕೆ. ಈ ಪತ್ರ ಆ ವಾಡಿಕೆಯ ಬಗ್ಗೆ.

ಒಂದು ಬೇಸಿಗೆಯ ಬೆಳಿಗ್ಗೆ ದೇವದುರ್ಗ ತಾಲ್ಲೂಕಿನ ದೊಡ್ಡಿಯೊಂದರಿಂದ ವಯಸ್ಸಾದ ತಾಯಿಯೊಬ್ಬರು ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ಕಂಕುಳಲ್ಲಿ ಯೂರಿಯಾ ಚೀಲ, ಅದರೊಳಗೆ ಸತ್ತ ಕೆಂಪು ಹ್ಯಾಟಿ. ಮಗ, ಸೊಸೆ ಬೆಂಗಳೂರಿಗೆ ಗುಳೆ ಹೋಗಿದ್ದರು. ಮನೆಯಲ್ಲಿ ಈಕೆ, ಇಬ್ಬರು ಮೊಮ್ಮಕ್ಕಳು, ಹದಿನಾರು ಜವಾರಿ ಕೋಳಿ. "ಹದಿಮೂರು ಹೋದ್ವು ಸಾಹೇಬ್ರ, ಇದು ಹದಿನಾಲ್ಕನೇದ್ದು. ಹಸಿರ್ ಹಸಿರ್ ಹಿಕ್ಕಿ ಹಾಕ್ತಾವ, ಕುತ್ತಿಗಿ ತಿರುವ್ತಾವ, ಬಿದ್ದು ಹೋಗ್ತಾವ. ಪ್ಯಾಟಿಯಾಗ ಹಳದಿ ಪುಡಿ ಕೊಟ್ರು. ನಾಕ್ ದಿನ ನೀರಾಗ ಕಲಸಿ ಇಟ್ಟೀನಿ. ಏನೂ ಆಗವಲ್ದು" ಅಂದರು. ಅಂಥ ಮೂರು ಪೊಟ್ಟಣ ಖಾಲಿಯಾಗಿದ್ದವು. ಖಾಲಿ ಪೊಟ್ಟಣಗಳನ್ನೂ ಮಡಚಿ ಸೆರಗಿನ ಗಂಟಿನಲ್ಲಿ ತಂದಿದ್ದರು.

ಬೇವಿನ ಗಿಡದ ಕೆಳಗೆ ಕಲ್ಲಿನ ಮೇಲೆ ಕೋಳಿಯನ್ನು ಅಂಗಾತ ಮಲಗಿಸಿ ಬಿಚ್ಚಿದೆ. ಆಕೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದರು. ಕಾಳು ಅರೆಯುವ ಗಟ್ಟಿ ಹೊಟ್ಟೆಗೆ ಮುಂಚೆ ಕೋಳಿಗೆ ಮೆತ್ತನೆಯ ಒಂದು ಚಿಕ್ಕ ಹೊಟ್ಟೆ ಇರುತ್ತದೆ. ಅದನ್ನು ಉದ್ದಕ್ಕೆ ಸೀಳಿ, ತಂಬಿಗೆಯ ನೀರು ಹಾಕಿ ತೊಳೆದೆ. ಒಳಗಿನ ಸಣ್ಣ ಸಣ್ಣ ಗುಳ್ಳೆಗಳ ತುದಿಯಲ್ಲಿ ಸೂಜಿ ಚುಚ್ಚಿದ ಹಾಗೆ ರಕ್ತದ ಚುಕ್ಕೆಗಳು. ನಮ್ಮವರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಅದು. ಅದನ್ನು ತರುವುದು ವೈರಸ್. ಪೇಟೆಯ ಹಳದಿ ಪುಡಿ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯಾಟಿಕ್. ವೈರಸ್ಸಿಗೆ ಆ ಪುಡಿ ತಾಕುವುದೇ ಇಲ್ಲ. ಮೂರಲ್ಲ, ಮೂವತ್ತು ಪೊಟ್ಟಣ ಹಾಕಿದ್ದರೂ ಅಷ್ಟೇ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಮೊದಲನೇದ್ದು ಸತ್ತಾಗ ತಂದಿದ್ರ ಗೊತ್ತಾಗ್ತಿತ್ತೇನ್ರೀ?"

ಗೊತ್ತಾಗುತ್ತಿತ್ತು. ಹದಿನಾರೂ ಉಳಿಯುತ್ತಿದ್ದವು ಎಂದು ನಾನು ಹೇಳಲಾರೆ. ಒಳಗೆ ಹೊಕ್ಕ ಕೊಕ್ಕರೆ ರೋಗಕ್ಕೆ ಔಷಧಿ ಇಲ್ಲ. ಆದರೆ ಪುಡಿಯ ದುಡ್ಡು ಉಳಿಯುತ್ತಿತ್ತು. ಚೆನ್ನಾಗಿರುವ ಕೋಳಿಗಳನ್ನು ಬೇರೆ ಮಾಡಬಹುದಿತ್ತು. ಆ ದೊಡ್ಡಿಯ ಉಳಿದ ಮನೆಗಳ ಕೋಳಿಗಳಿಗೆ ಆ ವಾರವೇ ಲಸಿಕೆ ಹಾಕಬಹುದಿತ್ತು.

ನಿಮ್ಮನ್ನು ನಾನು ಕೇಳಿಕೊಳ್ಳುವುದು ಒಂದೇ. ಪುಡಿಯ ಪೊಟ್ಟಣ ಬಿಚ್ಚುವ ಮೊದಲು ಸತ್ತ ಕೋಳಿಯ ಕರುಳು ಬಿಚ್ಚಿಸಿ ನೋಡಿ.

ಕೋಳಿಗೆ ಭೇದಿ ಹತ್ತಿದೆ ಎನ್ನುತ್ತೇವಲ್ಲ, ಆ ಒಂದು ಮಾತಿನ ಹಿಂದೆ ಎಷ್ಟೋ ರೋಗಗಳಿವೆ. ವಾರ ತುಂಬದ ಮರಿಗಳು ರೆಕ್ಕೆ ಇಳಿಬಿಟ್ಟು, ಹಿಂಭಾಗಕ್ಕೆ ಸುಣ್ಣದಂಥ ಹಿಕ್ಕೆ ಅಂಟಿಸಿಕೊಂಡು ಸಾಯುತ್ತಿದ್ದರೆ ಅದು ಸಾಲ್ಮೊನೆಲ್ಲಾ ಗುಂಪಿನ ಬಿಳಿ ಭೇದಿ ಇರಬಹುದು. ತಾಯಿಯ ಮೊಟ್ಟೆಯೊಳಗಿಂದಲೇ ಅದು ಮರಿಗೆ ಬರುತ್ತದೆ. 1900ರ ಆಸುಪಾಸಿನಲ್ಲಿ ಅಮೆರಿಕದ ಲಿಯೋ ರೆಟ್ಗರ್ ಎಂಬ ವಿಜ್ಞಾನಿ ಸತ್ತ ಮರಿಗಳನ್ನು ಬಿಚ್ಚಿ ಅದರ ಬ್ಯಾಕ್ಟೀರಿಯಾ ಹಿಡಿದ. ಅದೇ ಗುಂಪಿನ ಇನ್ನೊಂದು ದೊಡ್ಡ ಕೋಳಿಗಳಿಗೆ ಟೈಫಾಯ್ಡ್ ತರುತ್ತದೆ. ಲಿವರ್ ಊದಿ, ತಾಮ್ರದ ಕೊಡ ಹಸಿರಿಗೆ ತಿರುಗಿದ ಬಣ್ಣಕ್ಕೆ ಬರುತ್ತದೆ. ಹೃದಯ, ಲಿವರಿನ ಮೇಲೆ ಮೊಸರಿನ ಕೆನೆಯಂಥ ಪೊರೆ ಕಂಡರೆ ಅದು ಸಾಮಾನ್ಯವಾಗಿ ಇ. ಕೊಲೈ. ಎರಡು ಕುರುಡು ಕರುಳಿನ ತುಂಬ ರಕ್ತ ಕಂಡರೆ ಅದು ಬ್ಯಾಕ್ಟೀರಿಯಾವೂ ಅಲ್ಲ, ವೈರಸ್ಸೂ ಅಲ್ಲ, ಕಾಕ್ಸಿಡಿಯಾ ಎಂಬ ಪರಾವಲಂಬಿ. ಹೊರಗಿನಿಂದ ನೋಡಿದರೆ ಇವೆಲ್ಲ ಒಂದೇ: ಮುದುಡಿ ಕೂತ ಕೋಳಿ, ಕೆದರಿದ ಪುಕ್ಕ, ನೀರು ನೀರು ಹಿಕ್ಕೆ. ಒಳಗೆ ನೋಡಿದರೆ ಒಂದೊಂದರ ಗುರುತೂ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ನಡೆಯಬೇಕೆಂದೂ ಇಲ್ಲ.

ಫಾರಂ ಇಟ್ಟುಕೊಂಡ ಅಣ್ಣತಮ್ಮಂದಿರಿಗೆ ಇದಕ್ಕಿಂತ ದೊಡ್ಡ ಕತೆಯೊಂದನ್ನು ಹೇಳಬೇಕು.

ಮಾನ್ವಿ ಕಡೆಯ ಒಂದು ಕ್ಯಾಂಪಿನಲ್ಲಿ ಒಬ್ಬ ಹುಡುಗನ ಐದು ಸಾವಿರ ಬಾಯ್ಲರ್ ಕೋಳಿಯ ಶೆಡ್ಡು. ಮರಿಯೂ ಫೀಡೂ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ಆ ಹುಡುಗನದು. ಇಪ್ಪತ್ತನಾಲ್ಕನೆಯ ದಿನ ಒಳ್ಳೆ ಮೈ ತುಂಬಿದ ಕೋಳಿಗಳೇ ರಾತ್ರೋರಾತ್ರಿ ಸಾಯತೊಡಗಿದವು. ಸಂಜೆ ಮೇವು ತಿಂದ ಕೋಳಿ ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತಿತ್ತು. ಮೊದಲ ದಿನ ಎಂಟು, ಮರುದಿನ ಹತ್ತೊಂಬತ್ತು. ನಾನು ಹೋದಾಗ ಆತ ಸತ್ತವನ್ನು ಸಾಲಾಗಿ ಜೋಡಿಸಿಟ್ಟಿದ್ದ. ಎಸೆದಿರಲಿಲ್ಲ. ಆ ಬುದ್ಧಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಹೊಟ್ಟೆ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆದದ್ದು ಕೊಳೆತ ವಾಸನೆ. ಸಣ್ಣ ಕರುಳು ಗಾಳಿ ತುಂಬಿದ ಬಲೂನಿನಂತೆ ಉಬ್ಬಿ, ಗೋಡೆ ತೆಳ್ಳಗಾಗಿ, ಬೆರಳು ತಾಗಿದರೆ ಹರಿಯುವಂತಿತ್ತು. ಕತ್ತರಿಯಲ್ಲಿ ಉದ್ದಕ್ಕೆ ಸೀಳಿದೆ. ಚೆನ್ನಾಗಿರುವ ಕೋಳಿಯ ಕರುಳಿನ ಒಳಮೈ ಮಖಮಲ್ಲಿನ ಹಾಗೆ ನುಣ್ಣಗಿರುತ್ತದೆ. ಇಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ ಒರಟು ಪದರ, ಬಹಳ ಸಲ ಒಗೆದು ಒಣಗಿಸಿದ ದಪ್ಪ ಟವೆಲಿನ ಹಾಗೆ. ಒಳಚರ್ಮ ಸತ್ತು, ಸುಲಿದು, ಅಲ್ಲೇ ಅಂಟಿಕೊಂಡಿತ್ತು. ಇದನ್ನು ನೆಕ್ರೋಟಿಕ್ ಎಂಟರೈಟಿಸ್ ಎನ್ನುತ್ತಾರೆ. ಕನ್ನಡದಲ್ಲಿ ಕರುಳು ಕೊಳೆ ರೋಗ ಎನ್ನೋಣ. 1961ರಲ್ಲಿ ಇಂಗ್ಲೆಂಡಿನ ಪ್ಯಾರಿಷ್ ಎಂಬ ವಿಜ್ಞಾನಿ ಇದನ್ನು ಮೊದಲು ವಿವರವಾಗಿ ಬರೆದಿಟ್ಟ. ಈಗ ಬಾಯ್ಲರ್ ಸಾಕುವ ಎಲ್ಲ ದೇಶಗಳಲ್ಲೂ ಇದೆ.

ಇದನ್ನು ಮಾಡುವ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್. ಇದರ ನಡತೆಯನ್ನು ಸ್ವಲ್ಪ ನಿಧಾನಿಸಿ ಕೇಳಬೇಕು, ಯಾಕೆಂದರೆ ಶೆಡ್ಡಿನಲ್ಲಿ ನೀವು ಮಾಡಬೇಕಾದ ಕೆಲಸವೆಲ್ಲ ಅದರಲ್ಲೇ ಇದೆ. ಇದು ಎಲ್ಲಿಂದಲೋ ಬಂದ ಕಳ್ಳನಲ್ಲ. ಮಣ್ಣಿನಲ್ಲಿ, ನೆಲದ ಹೊಟ್ಟಿನಲ್ಲಿ, ಆರೋಗ್ಯವಂತ ಕೋಳಿಯ ಕರುಳಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಗಾಳಿಯಾಡದ ಜಾಗದಲ್ಲಿ ಬೆಳೆಯುತ್ತದೆ. ಕಷ್ಟಕಾಲ ಬಂದರೆ ಗಟ್ಟಿ ಬೀಜಕವಾಗಿ ವರ್ಷಗಟ್ಟಲೆ ಬಿದ್ದಿರುತ್ತದೆ. ಅನುಕೂಲ ಸಿಕ್ಕರೆ ಮಾತ್ರ ಹತ್ತು ನಿಮಿಷದೊಳಗೆ ಒಂದು ಎರಡಾಗುತ್ತದೆ. ಇಷ್ಟು ಜೋರಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ಅಪರೂಪ.

ಹಾಗಾದರೆ ಎಲ್ಲ ಕೋಳಿಗೂ ರೋಗ ಯಾಕೆ ಬರುವುದಿಲ್ಲ? ಪ್ರೋಟೀನು ಕಟ್ಟಲು ಬೇಕಾದ ಇಪ್ಪತ್ತು ಅಮೈನೊ ಆಮ್ಲಗಳಲ್ಲಿ 13ನ್ನು ಈ ಬ್ಯಾಕ್ಟೀರಿಯಾ ತಾನಾಗಿ ತಯಾರಿಸಿಕೊಳ್ಳಲಾರದು. ಅದಕ್ಕೆ ಸಿದ್ಧ ಊಟ ಬೇಕು. ಕರುಳಿನ ಗೋಡೆ ಗಟ್ಟಿಯಿದ್ದು, ತಿಂದದ್ದು ಜೀರ್ಣವಾಗಿ ಮೈಗೆ ಹತ್ತುತ್ತಿದ್ದರೆ ಇದಕ್ಕೆ ಉಳಿಯುವುದು ಅಷ್ಟಕ್ಕಷ್ಟೆ. ಯಾವುದೋ ಕಾರಣಕ್ಕೆ ಗೋಡೆ ಗಾಯವಾಗಿ ರಕ್ತದ ಪ್ರೋಟೀನು ಒಳಗೆ ಸೋರತೊಡಗಿತೋ, ಅಲ್ಲಿಗೆ ಇದರ ಹಬ್ಬ ಶುರು. ಆ ಮೊದಲ ಗಾಯ ಮಾಡುವುದು ಬಹಳ ಸಲ ಕಾಕ್ಸಿಡಿಯಾ. ಮೀನಿನ ಪುಡಿ ಅತಿಯಾದ ಫೀಡು, ಗೋದಿ, ಬಾರ್ಲಿ ಹೆಚ್ಚಾದ ಫೀಡು, ಒಮ್ಮೆಲೇ ಫೀಡು ಬದಲಾಯಿಸುವುದು, ಇಕ್ಕಟ್ಟು, ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲು, ಇವೂ ದಾರಿ ಮಾಡಿಕೊಡುತ್ತವೆ.

ಆ ಹುಡುಗನ ಶೆಡ್ಡಿನಲ್ಲಿ ನೀರಿನ ಸಾಲಿನ ಕೆಳಗೆ ಬಗ್ಗಿ ಒಂದು ಹಿಡಿ ಹೊಟ್ಟು ತೆಗೆದು ಹಿಂಡಿದೆ. ಅಂಗೈ ಒದ್ದೆಯಾಯಿತು. ನಿಪ್ಪಲ್‌ಗಳು ಸೋರುತ್ತಿದ್ದವು. ಸುತ್ತಲೂ ರೈಸ್ ಮಿಲ್ಲುಗಳಿರುವ ಊರಿನಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ, ಆದರೂ ಅಲ್ಲಿನ ಹೊಟ್ಟನ್ನು ಎರಡು ಬ್ಯಾಚಿನಿಂದ ಬದಲಿಸಿರಲಿಲ್ಲ. ಒದ್ದೆ ಹೊಟ್ಟಿನಲ್ಲಿ ಕಾಕ್ಸಿಡಿಯಾದ ಮೊಟ್ಟೆಗಳು ಒಂದೆರಡು ದಿನದಲ್ಲಿ ಹಣ್ಣಾಗುತ್ತವೆ, ಕೋಳಿ ಕೆದಕಿ ತಿನ್ನುತ್ತದೆ, ಕರುಳಿಗೆ ಗಾಯ, ಆಮೇಲೆ ಕ್ಲಾಸ್ಟ್ರಿಡಿಯಮ್. ಐದು ಸಾವಿರ ಕೋಳಿಯ ರೋಗದ ಮೂಲ ಒಂದು ಸೋರುವ ನಿಪ್ಪಲ್ ಸಾಲು. ಬದುಕಿದ್ದವಕ್ಕೆ ಆ ದಿನ ಆ್ಯಂಟಿಬಯಾಟಿಕ್ ಕೊಡಲೇಬೇಕಾಯಿತು, ಕೊಟ್ಟೆ. ಸರಿಯಾದ ರೋಗಕ್ಕೆ, ಸರಿಯಾದ ಅಳತೆಯಲ್ಲಿ, ಸರಿಯಾದಷ್ಟು ದಿನ ಕೊಟ್ಟರೆ ಅದು ಜೀವ ಉಳಿಸುತ್ತದೆ. ನಾನು ಆ ಔಷಧಿಯ ವೈರಿಯಲ್ಲ. ಆದರೆ ಮುಂದಿನ ಬ್ಯಾಚಿನಲ್ಲಿ ರೋಗ ಮರಳದಿದ್ದುದು ನಿಪ್ಪಲ್ ದುರಸ್ತಿಯಿಂದ, ಹೊಸ ಹೊಟ್ಟಿನಿಂದ.

ಸಾವಿಗಿಂತ ಕೆಟ್ಟದ್ದು ಇನ್ನೊಂದಿದೆ. ಈ ರೋಗ ಅರ್ಧಂಬರ್ಧ ಬಂದಾಗ ಕೋಳಿ ಸಾಯುವುದಿಲ್ಲ, ತಿನ್ನುತ್ತದೆ, ತೂಕ ಮಾತ್ರ ಏರುವುದಿಲ್ಲ. ಲೆಕ್ಕ ಹಾಕಿ ನೋಡಿ. ಐದು ಸಾವಿರ ಕೋಳಿ ತಲಾ ಎರಡು ಕಿಲೋಗೆ ಬಂದರೆ ಹತ್ತು ಸಾವಿರ ಕಿಲೋ. ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಫೀಡು ಹೋಯಿತು ಎಂಬ ಲೆಕ್ಕವನ್ನು ಎಫ್‌ಸಿಆರ್ ಎನ್ನುತ್ತಾರೆ. ಎಫ್‌ಸಿಆರ್ 1.6 ಇದ್ದರೆ 16,000 ಕಿಲೋ ಫೀಡು, 1.7 ಆದರೆ 17,000 ಕಿಲೋ. ಒಂದು ದಶಾಂಶದ ವ್ಯತ್ಯಾಸಕ್ಕೆ ಐವತ್ತು ಕಿಲೋದ ಇಪ್ಪತ್ತು ಚೀಲ ಹೆಚ್ಚು. ಬ್ಯಾಚ್ ಎತ್ತಿದ ದಿನ ಕಂಪನಿಯವರು ಎಫ್‌ಸಿಆರ್ ಕೆಟ್ಟಿದೆ ಎಂದು ನಿಮ್ಮ ಕೂಲಿ ಕಡಿಯುತ್ತಾರೆ. ಫೀಡು ಕದ್ದಿರಬೇಕು ಎಂಬ ಮಾತನ್ನೂ ನಿಮ್ಮಲ್ಲಿ ಕೆಲವರು ಕೇಳಿಸಿಕೊಂಡಿದ್ದೀರಿ. ನನ್ನ ಮುಂದೆ ಕಣ್ಣೀರು ಹಾಕಿದವರಿದ್ದಾರೆ. ಮೂರನೆಯ ವಾರದಲ್ಲಿ ಸತ್ತ ಎರಡು ಕೋಳಿಯ ಕರುಳು ಬಿಚ್ಚಿಸಿ, ವೈದ್ಯರ ಬರಹ ಕೈಯಲ್ಲಿದ್ದರೆ ಕಳ್ಳ ಎಲ್ಲಿದ್ದಾನೆಂದು ತೋರಿಸಬಹುದಿತ್ತು.

ಈ ರೋಗದ ಗುಟ್ಟನ್ನು ಬಿಡಿಸಿದ ವಿಜ್ಞಾನಿಗಳ ತಾಳ್ಮೆ ದೊಡ್ಡದು. ಕ್ಲಾಸ್ಟ್ರಿಡಿಯಮ್ ಸ್ರವಿಸುವ ಆಲ್ಫಾ ಎಂಬ ವಿಷವೇ ಕರುಳು ಕೊಳೆಸುತ್ತದೆ ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು, ನನ್ನ ಕಾಲೇಜಿನ ಪುಸ್ತಕದಲ್ಲೂ ಹಾಗೇ ಇತ್ತು. ಆಸ್ಟ್ರೇಲಿಯಾದ ಆಂಟನಿ ಕೀಬರ್ನ್ ಮತ್ತು ಸಂಗಡಿಗರು 2006ರಲ್ಲಿ ಬ್ಯಾಕ್ಟೀರಿಯಾದಿಂದ ಆ ವಿಷದ ಜೀನನ್ನೇ ಕೆಡಿಸಿ ಕೋಳಿಗೆ ಕೊಟ್ಟರು. ರೋಗ ಬಂದೇ ಬಂತು. ಹಾಗಾದರೆ ಅಪರಾಧಿ ಬೇರೆ. ಮತ್ತೆ ಹುಡುಕಿ 2008ರಲ್ಲಿ ನೆಟ್‌ಬಿ ಎಂಬ ಹೊಸ ವಿಷವನ್ನು ಹಿಡಿದರು. ಅದು ಕರುಳಿನ ಜೀವಕೋಶಗಳಿಗೆ ತೂತು ಕೊರೆಯುತ್ತದೆ. ಅದರ ಜೀನನ್ನು ಕೆಡಿಸಿದಾಗ ರೋಗ ಬರಲಿಲ್ಲ, ಮರಳಿ ಸೇರಿಸಿದಾಗ ಬಂತು. ತಮ್ಮ ಗುರುಗಳ ಕಾಲದಿಂದ ನಂಬಿದ್ದನ್ನು ಕರುಳಿನ ಮುಂದೆ ಇಟ್ಟು ಪರೀಕ್ಷಿಸಿ, ತಪ್ಪಾಗಿದ್ದರೆ ತಪ್ಪೆಂದು ಬರೆದರು. ಅದೇ ಹೊತ್ತಿಗೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಜಾನ್ ಪ್ರೆಸ್ಕಾಟ್ ಅವರ ಜೊತೆ ರವೀಂದ್ರ ಕುಲಕರ್ಣಿ ಇನ್ನೊಂದು ದಿಕ್ಕಿನಿಂದ ಹೊರಟಿದ್ದರು. ರೋಗವನ್ನು ತಡೆದುಕೊಂಡು ಬದುಕಿದ ಕೋಳಿಗಳ ರಕ್ತ ಈ ಬ್ಯಾಕ್ಟೀರಿಯಾದ ಯಾವ ಯಾವ ಪ್ರೋಟೀನುಗಳನ್ನು ಗುರುತು ಹಿಡಿಯುತ್ತದೆಂದು ಹುಡುಕಿ, ಅವನ್ನೇ ಲಸಿಕೆಯಾಗಿ ಕೊಟ್ಟರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪೂರ್ತಿ ಅಲ್ಲದಿದ್ದರೂ ಒಂದು ಮಟ್ಟದ ರಕ್ಷಣೆ ಸಿಕ್ಕಿತ್ತು. ಮರುವರ್ಷ ಅದೇ ಪ್ರೋಟೀನುಗಳನ್ನು ಶಕ್ತಿಗುಂದಿಸಿದ ಸಾಲ್ಮೊನೆಲ್ಲಾದ ಬೆನ್ನಿಗೇರಿಸಿ ಬಾಯಿಯ ಮೂಲಕವೇ ಕೊಟ್ಟು ನೋಡಿದರು. ಸಾವಿರಾರು ಕೋಳಿಗೆ ಒಂದೊಂದಾಗಿ ಸೂಜಿ ಚುಚ್ಚುವ ಕಷ್ಟ ಏನೆಂದು ನಿಮಗೆ ಗೊತ್ತು. ಬಾಯಿಯ ಲಸಿಕೆಯ ಬೆಲೆಯೂ ಗೊತ್ತಾಗುತ್ತದೆ. ಈಗ ಕುಲಕರ್ಣಿ ಅವರು ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೋಳಿಯ ರೋಗನಿರೋಧಕ ಶಕ್ತಿಯ ಮೇಲೆ ಕೆಲಸ ಮಾಡುತ್ತಿದ್ದಾರೆ. ಆ ಲಸಿಕೆಗಳು ನಮ್ಮ ಮಾನ್ವಿಯ ಶೆಡ್ಡಿಗೆ ಬಂದು ಮುಟ್ಟುವವರೆಗೆ ಕರುಳಿನ ಗೋಡೆ ಕಾಯುವುದು ನಮ್ಮದೇ ಕೆಲಸ.

ಜವಾರಿ ಕೋಳಿ ಸಾಕುವ ಅಕ್ಕಂದಿರೇ, ಈಗ ನಿಮ್ಮ ಅಂಗಳದ ಮಾತು. ನೀವು ಮರಿಯನ್ನು ಹ್ಯಾಟಿಯ ಜತೆಗೇ ಬಿಡುತ್ತೀರಿ. ಅದು ಕೆದಕಿದ ತಿಪ್ಪೆಯನ್ನೇ ಮರಿಗಳೂ ಕೆದಕುತ್ತವೆ, ಅದು ಕುಕ್ಕಿದ್ದನ್ನೇ ಕುಕ್ಕುತ್ತವೆ. ನೋಡುವವರಿಗೆ ಹೊಲಸು, ಆದರೆ ಮರಿಗೆ ಅದೇ ರಕ್ಷೆ. ಅದು ಹೇಗೆಂದು ಫಿನ್ಲೆಂಡಿನ ಒಂದು ಕತೆ ಹೇಳುತ್ತದೆ. 1971ರಲ್ಲಿ ಫಿನ್ಲೆಂಡಿನ ಫಾರಂಗಳಲ್ಲಿ ಸಾಲ್ಮೊನೆಲ್ಲಾ ಹಬ್ಬಿತು. ಎಸ್ಕೊ ನುರ್ಮಿ ಎಂಬ ವಿಜ್ಞಾನಿ ಅದರ ಬೆನ್ನು ಹತ್ತಿದರು. ಮಷಿನ್ನಿನಲ್ಲಿ ಒಡೆದ ಮರಿ ತಾಯಿಯ ಮುಖವನ್ನೇ ನೋಡಿರುವುದಿಲ್ಲ. ಅದರ ಕರುಳು ಬಿತ್ತದ ಹೊಲದಂತೆ ಖಾಲಿ. ಮೊದಲು ಯಾವ ಬೀಜ ಬಿದ್ದರೆ ಅದೇ ಬೆಳೆಯುತ್ತದೆ, ಕಳೆಯಾದರೂ ಸರಿ. ನುರ್ಮಿ ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಒಂದು ದಿನದ ಮರಿಗಳಿಗೆ ಕುಡಿಸಿದರು. ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೂ ಅದಕ್ಕೆ ಒಳಗೆ ಜಾಗ ಸಿಗಲಿಲ್ಲ. ಸಹವಿಜ್ಞಾನಿ ರಾಂಟಾಲಾ ಅವರ ಜತೆ 1973ರಲ್ಲಿ ಇದನ್ನು ಪ್ರಕಟಿಸಿದರು. ಇಂದು ಅಂಗಡಿಯಲ್ಲಿ ಪ್ರೊಬಯಾಟಿಕ್ ಎಂದು ಮಾರುವ ಎಷ್ಟೋ ಡಬ್ಬಿಗಳ ಹಿಂದೆ ಈ ಪ್ರಯೋಗವಿದೆ. ಬುಟ್ಟಿಯ ಕೆಳಗೆ ಕಾವು ಕೂತ ನಿಮ್ಮ ಹ್ಯಾಟಿ ಅದನ್ನು ದುಡ್ಡಿಲ್ಲದೆ ಮಾಡುತ್ತಾ ಬಂದಿದೆ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆನೆಂದರೆ, ಬೇಡದ ಪುಡಿ ಮೊದಲು ಕೊಲ್ಲುವುದು ಈ ಒಳ್ಳೆಯ ಬೆಳೆಯನ್ನೇ. ಕಳೆ ಉಳಿಯುತ್ತದೆ. ಪುಡಿ ನಿಲ್ಲಿಸಿದ ವಾರಕ್ಕೇ ಮತ್ತೆ ಭೇದಿ, ಮತ್ತೆ ಪುಡಿ. ಈ ಸುತ್ತಿನಲ್ಲಿ ಸಿಕ್ಕಿಬಿದ್ದ ಶೆಡ್ಡುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆ್ಯಂಟಿಬಯಾಟಿಕ್ ಕೋಳಿಯ ಫೀಡಿಗೆ ಬಂದದ್ದು ರೋಗಕ್ಕೆಂದು ಅಲ್ಲ. 1940ರ ದಶಕದ ಕೊನೆಗೆ ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ರಾಬರ್ಟ್ ಸ್ಟೋಕ್‌ಸ್ಟಾಡ್ ಮತ್ತು ಥಾಮಸ್ ಜೂಕ್ಸ್, ಆ್ಯಂಟಿಬಯಾಟಿಕ್ ತೆಗೆದ ಮೇಲೆ ಉಳಿದ ಚರಟವನ್ನು ಮರಿಗಳಿಗೆ ತಿನ್ನಿಸಿದರೆ ತೂಕ ಬೇಗ ಏರುತ್ತದೆಂದು ಕಂಡರು. ಅಲ್ಲಿಂದ ಲೋಕದ ತುಂಬ ಕೋಳಿ ಫೀಡಿಗೆ ಸಣ್ಣ ಅಳತೆಯಲ್ಲಿ ದಿನವೂ ಔಷಧಿ ಬೆರೆಯತೊಡಗಿತು. ಸಣ್ಣ ಅಳತೆ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲುವುದಿಲ್ಲ, ಪಳಗಿಸುತ್ತದೆ. ಸ್ವೀಡನ್ 1986ರಲ್ಲೇ ಈ ಪದ್ಧತಿ ನಿಲ್ಲಿಸಿತು, ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ಬಿಟ್ಟಿತು. ಕೊಲಿಸ್ಟಿನ್ ಎಂಬ ಔಷಧಿಯ ಹೆಸರು ನಿಮಗೆ ಗೊತ್ತಿರಬಹುದು. ಬೇರೆ ಯಾವುದೂ ನಡೆಯದಾಗ ಮನುಷ್ಯರಿಗೆ ಐಸಿಯುನಲ್ಲಿ ಕೊಡುವ ಕಟ್ಟಕಡೆಯ ಔಷಧಿಗಳಲ್ಲಿ ಅದೂ ಒಂದು. ಅದನ್ನೇ ಕೋಳಿಗೆ ತೂಕ ಏರಲೆಂದು ಹಾಕುತ್ತಿದ್ದರು. ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾದ ಜೀನು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆಂದು 2015ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕೆ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಹಳೆಯ ಡಬ್ಬಿ ಯಾರಾದರೂ ಕೈಗಿಟ್ಟರೆ ತೆಗೆದುಕೊಳ್ಳಬೇಡಿ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ 2019ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂದಾಜು ಪ್ರಕಟವಾಯಿತು. ಶೆಡ್ಡಿನಲ್ಲಿ ಪಳಗಿದ ಬ್ಯಾಕ್ಟೀರಿಯಾ ಮೊದಲು ಸಿಗುವುದು ಗಿರಾಕಿಗಲ್ಲ. ದಿನಾ ಹೊಟ್ಟು ತಿರುವುವ ನಿಮಗೆ, ಶೆಡ್ಡಿನ ಬಾಗಿಲಲ್ಲಿ ಆಡುವ ನಿಮ್ಮ ಮಕ್ಕಳಿಗೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಸರ್ವಿಸ್ಸಿನ ಮೊದಲ ವರ್ಷಗಳಲ್ಲಿ ಕೋಳಿ ಸತ್ತ ಸುದ್ದಿ ತಂದವರಿಗೆ ನಾನೂ ಚೀಟಿಯಲ್ಲಿ ಪುಡಿಯ ಹೆಸರು ಬರೆದು ಕಳಿಸಿದ್ದೇನೆ. ಹೊರಗೆ ಎಮ್ಮೆ ಎತ್ತುಗಳ ಸಾಲು, ಒಳಗೆ ನಾನೊಬ್ಬನೇ. ಸತ್ತ ಕೋಳಿ ತನ್ನಿ ಎನ್ನಲಿಲ್ಲ. ಹೇಳಬೇಕಿತ್ತು. ಒಂದು ಕೋಳಿ ಬಿಚ್ಚಿ ನೋಡಲು ಹತ್ತು ನಿಮಿಷ ಸಾಕು. ಈಗ ಆ ಕುರ್ಚಿಯಲ್ಲಿ ಕೂತಿರುವ ಕಿರಿಯ ವೈದ್ಯರಿಗೆ ಈ ಪತ್ರ ಕಂಡರೆ, ಆ ಹತ್ತು ನಿಮಿಷವನ್ನು ಕೋಳಿಯವರಿಗೂ ಕೊಡಿ ಎಂದು ಕೈಮುಗಿಯುತ್ತೇನೆ. ಔಷಧಿ ಅಂಗಡಿಯವರಿಗೂ ಒಂದು ಮಾತು: ರೋಗ ಯಾವುದೆಂದು ಗೊತ್ತಿಲ್ಲದೆ ಆ್ಯಂಟಿಬಯಾಟಿಕ್ ಕೊಡಬೇಡಿ. ನಿಮ್ಮನ್ನು ನಂಬಿ ಬರುವವರು ಬಡವರು.

ನೀರಿನ ಮಾತು ಬಿಡುವಂತಿಲ್ಲ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಯಿಂದ ದವಾಖಾನೆ ಸೇರಿದ್ದು, ಜೀವಗಳು ಹೋದದ್ದು ನಮಗೆಲ್ಲ ನೆನಪಿದೆ. ಕೃಷ್ಣೆ, ತುಂಗಭದ್ರೆಯರ ನಡುವೆ ಬದುಕುವ ನಾವು ಒಂದು ಕೊಡ ಶುದ್ಧ ನೀರಿಗೆ ಪರದಾಡುತ್ತೇವೆ. ಹೊಲಸು ನೀರು ಮನುಷ್ಯರ ಕರುಳಿಗೆ ಹೇಗೋ ಕೋಳಿಯ ಕರುಳಿಗೂ ಹಾಗೇ ಕೇಡು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರುಗಳಲ್ಲಿ ನೀರು ಬಂದಾಗ ಹಿಡಿದಿಟ್ಟು ವಾರಗಟ್ಟಲೆ ಬಳಸುವುದು ರೂಢಿ. ಆ ನೀರು ಶೆಡ್ಡಿನ ಟ್ಯಾಂಕಿಗೆ ಏರುತ್ತದೆ, ಪೈಪಿನ ಒಳಗೆ ಲೋಳೆ ಕಟ್ಟುತ್ತದೆ. ಬ್ಯಾಚ್ ಖಾಲಿಯಾದಾಗ ಟ್ಯಾಂಕಿಯನ್ನೂ ಪೈಪನ್ನೂ ತೊಳೆಯಿರಿ. ನೀರಿಗೆ ಎಷ್ಟು ಬ್ಲೀಚಿಂಗ್ ಪುಡಿ ಎಂಬುದನ್ನು ದವಾಖಾನೆಯಲ್ಲಿ ಕೇಳಿ ಹಾಕಿ. ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನ ಮಾತ್ರ ಬ್ಲೀಚಿಂಗ್ ಬೇಡ, ಅದು ಲಸಿಕೆಯನ್ನೂ ಕೊಲ್ಲುತ್ತದೆ. ಅಂಗಳದ ಕೋಳಿಗೆ ಇಡುವ ಮಣ್ಣಿನ ತಾಟನ್ನು ದಿನಕ್ಕೊಮ್ಮೆ ತಿಕ್ಕಿ ಬಿಸಿಲಿಗೆ ಒಣಗಿಸಿದರೆ ಸಾಕು. ನಮ್ಮ ಬಿಸಿಲು ಅಷ್ಟರ ಮಟ್ಟಿಗೆ ಪುಣ್ಯಾತ್ಮ.

ಕೊಕ್ಕರೆ ರೋಗದ ಲಸಿಕೆಯನ್ನು ಮರೆಯಬೇಡಿ. ಮೊದಲ ವಾರದಲ್ಲಿ ಮರಿಯ ಕಣ್ಣಿಗೆ ಇಲ್ಲವೆ ಮೂಗಿಗೆ ಒಂದು ಹನಿ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು. ನಡುವಿನದನ್ನು ದವಾಖಾನೆಯವರು ಹೇಳುತ್ತಾರೆ. ಒಂದು ಬಾಟಲಿಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ತೆರೆದ ಮೇಲೆ ಇಡಲಾಗದು. ಅದಕ್ಕೇ ಹತ್ತು ಕೋಳಿಯ ಒಬ್ಬರೇ ಬಂದರೆ ಕಷ್ಟ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿ ಎಂದು ಬರೆದುಕೊಂಡು, ಊರಿಗೆಲ್ಲ ಸೇರಿ ಒಂದು ದಿನ ಗೊತ್ತುಮಾಡಿ. ಹಣ ಎತ್ತುವ ಲೆಕ್ಕ ಬರೆಯುವ ಕೈಗಳಿಗೆ ಈ ಲೆಕ್ಕ ದೊಡ್ಡದಲ್ಲ.

ಕೊನೆಗೆ, ಕೋಳಿ ತರುವುದು ಹೇಗೆಂದು ಹೇಳಿ ಮುಗಿಸುತ್ತೇನೆ. ಒಂದೆರಡು ಕೋಳಿ ಸತ್ತಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿ, ಎರಡು ಚೀಲದೊಳಗೆ ಬಾಯಿ ಬಿಗಿದು ಕಟ್ಟಿ. ಸಿಕ್ಕರೆ ಹೊರಗೆ ಐಸು ಇಡಿ. ಮನೆಯಲ್ಲಿ ನೀವೇ ಕೊಯ್ಯಬೇಡಿ, ಬೇಯಿಸಿ ತಿನ್ನಲೂ ಬೇಡಿ. ಆ ದಿನದ ಹಿಕ್ಕೆ ಯಾವ ಬಣ್ಣ, ಎಷ್ಟು ದಿನದ ಮರಿ, ಫೀಡು ಯಾವಾಗ ಬದಲಾಯಿಸಿದಿರಿ, ಯಾವ ಪುಡಿ ಹಾಕಿದಿರಿ, ಇಷ್ಟನ್ನು ನೆನಪಿಟ್ಟುಕೊಂಡು ಬನ್ನಿ. ಆ ತಾಯಿಯ ಹಾಗೆ ಖಾಲಿ ಪೊಟ್ಟಣ ತಂದರೆ ಇನ್ನೂ ಒಳ್ಳೆಯದು. ಆದರೆ ಒಂದೇ ದಿನ ಇದ್ದಕ್ಕಿದ್ದಂತೆ ಬಹಳ ಕೋಳಿ ಸತ್ತರೆ, ಕೆರೆಯ ಕಡೆ ಕಾಗೆ ಕೊಕ್ಕರೆಗಳೂ ಸತ್ತು ಬಿದ್ದಿದ್ದರೆ ಯಾವುದನ್ನೂ ಮುಟ್ಟಬೇಡಿ, ಸಾಗಿಸಬೇಡಿ. 2025ರ ಆರಂಭದಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯ ಕುರೆಕುಪ್ಪಕ್ಕೆ ಹಕ್ಕಿಜ್ವರ ಬಂದಿತ್ತು, ನಮಗದು ದೂರವಲ್ಲ. ಆಗ 1962ಕ್ಕೆ ಫೋನ್ ಮಾಡಿ, ಇಲ್ಲವೆ ದವಾಖಾನೆಗೆ ಸುದ್ದಿ ಮುಟ್ಟಿಸಿ. ಅವರೇ ಬರುತ್ತಾರೆ.

ಒಂದೆರಡು ಕೋಳಿಯಾದರೆ ಬೆಳಿಗ್ಗೆಯೇ ತನ್ನಿ. ನಮ್ಮ ಬಿಸಿಲಿಗೆ ಸತ್ತ ಕೋಳಿಯ ಕರುಳು ಕೆಲವೇ ತಾಸಿನಲ್ಲಿ ತಾನೇ ಕೊಳೆಯುತ್ತದೆ. ಮಧ್ಯಾಹ್ನ ದಾಟಿ ತಂದರೆ ಕೊಳೆಸಿದ್ದು ರೋಗವೋ ಬಿಸಿಲೋ ಎಂದು ಯಾವ ವೈದ್ಯನೂ ಹೇಳಲಾರ.

ನಿಮ್ಮವ,
ಒಬ್ಬ ನಿವೃತ್ತ ಪಶುವೈದ್ಯ
ರಾಯಚೂರು